ಮಗುವಿನ ತಲೆ ತಗ್ಗದಂತೆ ನೆರವು: ಉತ್ತರ ಕನ್ನಡದ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಆಗಸ್ಟ್ 15ರಂದು ಧ್ವಜ ಹಾರಿಸಿದ ಮೇಲೆ ಎಂಟು-ಹತ್ತು ಮಕ್ಕಳ ಹೆಸರನ್ನು ಮೈಕಿನಲ್ಲಿ ಕೂಗಿ, ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ ಕೊಟ್ಟು ಫೋಟೊ ತೆಗೆಯುವ ರೂಢಿ ಕರಾವಳಿಯಲ್ಲೂ ಇದೆ, ಘಟ್ಟದ ಮೇಲೂ ಇದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಆ ಹೊತ್ತಿಗೆ ಶಾಲೆ ಶುರುವಾಗಿ ಎರಡೂವರೆ ತಿಂಗಳಾಗಿರುತ್ತದೆ. ನೋಟ್‌ಬುಕ್ ಇಲ್ಲದ ಮಗು ಅಷ್ಟು ದಿನ ಹಳೆಯ ಹಾಳೆಗಳನ್ನು ಹೊಲಿದುಕೊಂಡೋ, ಬರೆಯದೆಯೋ ದಿನ ದೂಡಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೈಕಿನಲ್ಲಿ ಹೆಸರು ಕೇಳಿಸಿಕೊಂಡ ಮಗು ಅವತ್ತಿನಿಂದ ತನ್ನ ತರಗತಿಯಲ್ಲಿ 'ಬಡವರ ಮಗು' ಆಗಿಬಿಡುತ್ತದೆ. ಆ ಹೆಸರು ಅಳಿಸಲು ಯಾವ ದಾನದಿಂದಲೂ ಆಗುವುದಿಲ್ಲ.

ಇದು ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಹಳೆ ವಿದ್ಯಾರ್ಥಿಗಳ ಸಂಘಗಳಿಗಾಗಿ ಬರೆದದ್ದು. ಇಡೀ ಕೆಲಸ ನಿಂತಿರುವುದು ಒಂದು ನಿಯಮದ ಮೇಲೆ: ಕಣ್ಣಿಗೆ ಕಾಣುವ ವಸ್ತು ಕೊಟ್ಟರೆ ತರಗತಿಯ ಎಲ್ಲರಿಗೂ ಕೊಡಿ, ಒಬ್ಬಿಬ್ಬರಿಗೆ ಮಾತ್ರ ಕೊಡಬೇಕಾದದ್ದು ಕಣ್ಣಿಗೆ ಕಾಣದಂತಿರಲಿ. ಚೀಲ, ಕೊಡೆ, ಚಪ್ಪಲಿ, ನೋಟ್‌ಬುಕ್ ಕಾಣುವಂಥವು. ಬಸ್ ಪಾಸು, ಪ್ರವಾಸದ ಹಣ, ಔಷಧಿ ಕಾಣದಂಥವು. ಹತ್ತು ಮಕ್ಕಳಿಗೆ ಚೀಲ ಕೊಡುವಷ್ಟೇ ಹಣವಿದ್ದರೆ ಚೀಲ ಬಿಡಿ, ಅದೇ ಹಣದಲ್ಲಿ ಎಲ್ಲರಿಗೂ ನೋಟ್‌ಬುಕ್ ಕೊಡಿ. ಅನುಕೂಲವಿದ್ದವರ ಮಕ್ಕಳಿಗೂ ಹೋಗುತ್ತದಲ್ಲ ಎಂದು ದಾನಿಗಳು ಕೇಳುತ್ತಾರೆ. ಹೋಗಲಿ. ಆ ನಾಲ್ಕಾರು ನೋಟ್‌ಬುಕ್ಕು ಉಳಿದ ಮಕ್ಕಳ ಮಾನಕ್ಕೆ ತೆತ್ತ ಬೆಲೆ, ಮತ್ತು ಅದು ಬಹಳ ಅಗ್ಗದ ಬೆಲೆ.

ಕೆಲಸ ಜನವರಿಯಲ್ಲಿ ಶುರುವಾಗಬೇಕು

ನಮ್ಮ ಜಿಲ್ಲೆಯಲ್ಲಿ ಶಾಲೆ ತೆರೆಯುವ ಹೊತ್ತಿಗೇ ಮಳೆ ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ, ಕುಮಟಾ ತಾಲೂಕಿನ ತದಡಿ, ಹೊನ್ನಾವರದ ಕಾಸರಕೋಡ ಬಂದರುಗಳಲ್ಲಿ ಬೋಟು ದಡ ಸೇರಿದರೆ ಅದರ ಮೇಲೆ ದುಡಿಯುವವರ ಮನೆಗೆ ದಿನದ ಆದಾಯ ನಿಲ್ಲುತ್ತದೆ. ಮಳೆ ಜೋರಾದರೆ ಚಿರೆಕಲ್ಲು ಕ್ವಾರಿಯ ಕೆಲಸವೂ ನಿಲ್ಲುತ್ತದೆ. ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲು, ಸುಲಿಯುವ ಕೆಲಸದ ಕೂಲಿ ಬೇಸಿಗೆಗೆ ಮೊದಲೇ ಮುಗಿದಿರುತ್ತದೆ. ಕೊಡೆ, ನೋಟ್‌ಬುಕ್, ಚಪ್ಪಲಿ ಒಟ್ಟಿಗೇ ಬೇಕಾಗುವ ತಿಂಗಳಲ್ಲೇ ಮನೆಯಲ್ಲಿ ಕಾಸಿರುವುದಿಲ್ಲ.

ಆದ್ದರಿಂದ ಜನವರಿಯಲ್ಲಿ ಸಮಿತಿ, ಫೆಬ್ರವರಿಯಲ್ಲಿ ಅಗತ್ಯದ ಲೆಕ್ಕ, ಮಾರ್ಚ್‌ನಲ್ಲಿ ಹಣ, ಏಪ್ರಿಲ್‌ನಲ್ಲಿ ಖರೀದಿ. ಮೇ ಕೊನೆಯ ವಾರಕ್ಕೆ ಎಲ್ಲವೂ ಶಾಲೆಯ ಕೋಣೆಯಲ್ಲಿರಬೇಕು. ಕೊಡೆಯನ್ನು ಮೇ ಕೊನೆಗೆ ಕೊಳ್ಳಲು ಹೋದರೆ ಬೆಲೆ ಏರಿರುತ್ತದೆ, ಬೇಕಾದ ಅಳತೆ ಸಿಗುವುದಿಲ್ಲ. ನೋಟ್‌ಬುಕ್ ಕಟ್ಟುಗಳನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಒಂದೇ ತಿಂಗಳ ಮಳೆಗೆ ಕೆಳಗಿನ ಕಟ್ಟು ಮುಗ್ಗು ಹಿಡಿಯುತ್ತದೆ, ಮಣ್ಣಿನ ಗೋಡೆಯಾದರೆ ಒರಲೆ ಹತ್ತುತ್ತದೆ.

ಸಮಿತಿ ಚಿಕ್ಕದಿರಲಿ

ಐದು ಜನ ಸಾಕು: ಮುಖ್ಯೋಪಾಧ್ಯಾಯರು, ಒಬ್ಬ ಶಿಕ್ಷಕಿ, ಎಸ್‌ಡಿಎಂಸಿಯಿಂದ ಒಬ್ಬ ತಾಯಿ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ, ಹಳೆ ವಿದ್ಯಾರ್ಥಿಗಳಿಂದ ಒಬ್ಬರು. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹಾಗಾಗಿ ತಾಯಿಯೊಬ್ಬರನ್ನು ಹುಡುಕುವುದು ಕಷ್ಟವಲ್ಲ. ಯಾರಿಗೆ ವೈಯಕ್ತಿಕ ನೆರವು ಹೋಗುತ್ತದೆ ಎಂಬ ಹೆಸರುಗಳು ಮಾತ್ರ ಐವರಿಗೂ ಬೇಡ. ಮುಖ್ಯೋಪಾಧ್ಯಾಯರು ಮತ್ತು ಆ ಶಿಕ್ಷಕಿ, ಇಬ್ಬರಿಗೇ ಗೊತ್ತಿರಲಿ. ಉಳಿದವರಿಗೆ ಸಂಖ್ಯೆ ಸಾಕು: 'ಕನ್ನಡಕ ನಾಲ್ಕು, ಬಸ್ ಪಾಸು ಮೂರು.' ದೊಡ್ಡ ದಾನಿಯನ್ನು ಸಮಿತಿಗೆ ಸೇರಿಸಬೇಡಿ. ಹಣ ಕೊಟ್ಟವರು ಆಯ್ಕೆಯಲ್ಲೂ ಕುಳಿತರೆ ಜಾತಿ, ಕೇರಿ, ಪಕ್ಷ ಒಂದೊಂದಾಗಿ ಒಳಗೆ ಬರುತ್ತವೆ.

ಸಮಿತಿಯ ಹೊರಗಿದ್ದರೂ ತಪ್ಪದೆ ಕೇಳಬೇಕಾದವರು ಬಿಸಿಯೂಟದ ಅಡುಗೆಯವರು. ಸೋಮವಾರ ಮಧ್ಯಾಹ್ನ ಯಾವ ಮಗು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾವುದು ಚಪಾತಿಯನ್ನೋ ಮೊಟ್ಟೆಯನ್ನೋ ತಮ್ಮನಿಗೆಂದು ಚೀಲಕ್ಕೆ ಸೇರಿಸುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಹಾಜರಿ ಪುಸ್ತಕಕ್ಕೂ ಗೊತ್ತಿರುವುದಿಲ್ಲ.

ಅಗತ್ಯವನ್ನು ಮಗುವಿನ ಬಾಯಿಂದ ಹೇಳಿಸಬೇಡಿ

'ಯಾರ ಹತ್ತಿರ ಕೊಡೆ ಇಲ್ಲ, ಕೈ ಎತ್ತಿ' ಎನ್ನುವುದು ಅತಿ ಸುಲಭದ ದಾರಿ, ಅತಿ ಕೆಟ್ಟ ದಾರಿ ಕೂಡ. ನಿಜವಾಗಿ ಇಲ್ಲದವರು ಕೈ ಎತ್ತುವುದಿಲ್ಲ. ಬಿಪಿಎಲ್ ಕಾರ್ಡು ನೋಡಿ ಪಟ್ಟಿ ಮಾಡುವುದೂ ಸಾಲದು. ಬೋಟಿನ ಕೆಲಸಕ್ಕೆ, ಕ್ವಾರಿಗೆ, ರಸ್ತೆ ಕಾಮಗಾರಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದವರ ಕಾರ್ಡು ಅವರ ಊರಿನಲ್ಲೇ ಇರುತ್ತದೆ. ಅಂಥ ಮನೆಯ ಮಗುವೇ ಪಟ್ಟಿಯಿಂದ ಹೊರಗುಳಿಯುತ್ತದೆ. ಜಾತಿ ಪಟ್ಟಿಯೂ ಪೂರ್ತಿ ಚಿತ್ರ ಕೊಡದು. ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಹಾಲಕ್ಕಿ ಒಕ್ಕಲಿಗರು, ಕುಣಬಿಗಳು, ಗೌಳಿಗಳು ಅದೇ ಬೇಡಿಕೆಯನ್ನು ಬಹುಕಾಲದಿಂದ ಇಟ್ಟಿದ್ದಾರೆ. ಅಕ್ಕಪಕ್ಕದ ಎರಡು ಮನೆಗಳ ಕಷ್ಟ ಒಂದೇ ಇದ್ದರೂ ಸಿಗುವ ವಿದ್ಯಾರ್ಥಿವೇತನ ಬೇರೆ ಬೇರೆ ಇರುತ್ತದೆ.

ಹಾಗಾದರೆ ಲೆಕ್ಕ ಹಿಡಿಯುವುದು ಹೇಗೆ? ಮೊದಲು ಕಳೆದ ವರ್ಷದ ಹಾಜರಿ ಪುಸ್ತಕ ತೆಗೆಯಿರಿ. ಜೂನ್-ಜುಲೈನಲ್ಲಿ ಮಾತ್ರ ಗೈರಾಗುವ ಮಗುವಿಗೆ ಕೊಡೆ ಇಲ್ಲ, ಇಲ್ಲವೇ ದಾರಿಯಲ್ಲಿ ಹಳ್ಳವಿದೆ. ಗ್ಯಾದರಿಂಗಿನ (ಶಾಲಾ ವಾರ್ಷಿಕೋತ್ಸವದ) ವಾರದಲ್ಲಿ ಗೈರಾಗುವ ಮಗುವಿಗೆ ನೃತ್ಯದ ಉಡುಪಿನ ಬಾಡಿಗೆ ಕೊಡಲಾಗುತ್ತಿಲ್ಲ. ಪ್ರವಾಸದ ಹಣ ಕೇಳಿದ ಮರುದಿನದಿಂದ ಬರದ ಮಗುವಿನ ಕಾರಣ ಬಿಡಿಸಿ ಹೇಳಬೇಕಿಲ್ಲ. ಪ್ರತಿ ತಿಂಗಳು ಎರಡು ಮೂರು ದಿನ ತಪ್ಪಿಸಿಕೊಳ್ಳುವ ದೊಡ್ಡ ಹುಡುಗಿಗೆ ಬೇಕಾದದ್ದು ಪ್ಯಾಡು ಮತ್ತು ಬಾಗಿಲು ಹಾಕಿಕೊಳ್ಳಲು ಬರುವ ಶೌಚಾಲಯ.

ಆಮೇಲೆ ಎಲ್ಲ ಮನೆಗಳಿಗೂ ಒಂದೇ ಚೀಟಿ ಕಳಿಸಿ, ಆಯ್ದ ಮನೆಗಳಿಗಲ್ಲ. ಮೂರೇ ಪ್ರಶ್ನೆ ಇರಲಿ:

ಮಗು ಶಾಲೆಗೆ ಬರುವುದು ನಡೆದೋ, ಬಸ್ಸಿನಲ್ಲೋ, ದೋಣಿಯಲ್ಲೋ? ಎಷ್ಟು ಹೊತ್ತು ಹಿಡಿಯುತ್ತದೆ?
ಮಳೆಗಾಲದಲ್ಲಿ ಶಾಲೆಗೆ ಬರಲು ಏನು ತೊಂದರೆ?
ಮುಖ್ಯೋಪಾಧ್ಯಾಯರ ಜೊತೆ ಒಬ್ಬರೇ ಮಾತಾಡಬೇಕೆನಿಸಿದರೆ ಯಾವ ಹೊತ್ತು ಅನುಕೂಲ?

ಆದಾಯ ಎಷ್ಟು ಎಂದು ಕೇಳಬೇಡಿ. ಉತ್ತರ ಸರಿಯಿರುವುದಿಲ್ಲ, ಕೇಳಿದ್ದಕ್ಕೆ ಬೇಸರವಂತೂ ಉಳಿಯುತ್ತದೆ. ಕಾರವಾರ, ಜೋಯಿಡಾ ಕಡೆ ಅನೇಕ ಮನೆಗಳಲ್ಲಿ ಮಾತು ಕೊಂಕಣಿ ಅಥವಾ ಮರಾಠಿ, ಭಟ್ಕಳದಲ್ಲಿ ನವಾಯತಿ, ಉರ್ದು. ಕನ್ನಡ ಓದಲು ಬಾರದ ತಾಯಿಗೆ ಅವರ ಮಾತು ಬಲ್ಲ ಶಿಕ್ಷಕಿಯೇ ಚೀಟಿ ಓದಿ ಹೇಳಲಿ. ಆ ಕೆಲಸವನ್ನು ಪಕ್ಕದ ಮನೆಯವರಿಗಂತೂ ಒಪ್ಪಿಸಬೇಡಿ.

ಅಳತೆ ಬೇಕಾದರೆ ಇಡೀ ತರಗತಿಯ ಅಳತೆ ತೆಗೆಯಿರಿ, ಅದನ್ನು ಗಣಿತದ ಪಾಠವಾಗಿಸಿ. ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆದು, ಹಿಮ್ಮಡಿಯಿಂದ ಉದ್ದನೆಯ ಬೆರಳಿನವರೆಗೆ ಸೆಂಟಿಮೀಟರಿನಲ್ಲಿ ಅಳೆದು, ಒಂದು ಸೆಂಟಿಮೀಟರ್ ಕೂಡಿಸಿ. ಫೆಬ್ರವರಿಯಲ್ಲಿ ತೆಗೆದ ಅಳತೆಗೆ ಸರಿಯಾಗಿ ಕೊಂಡ ಚಪ್ಪಲಿ ಜೂನ್‌ನಲ್ಲಿ ಬಿಗಿಯಾಗುತ್ತದೆ. ಆ ಒಂದು ಸೆಂಟಿಮೀಟರ್ ಅದಕ್ಕೇ.

ಸರ್ಕಾರ ಕೊಡುವುದನ್ನೇ ಮತ್ತೆ ಕೊಡಬೇಡಿ

ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್, ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು: ಸರ್ಕಾರಿ ಶಾಲೆಯ ಮಗುವಿಗೆ ಇವು ಬರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ, ಹಾಗಾಗಿ ಪಾಸಿನ ಹಣವನ್ನು ಹೈಸ್ಕೂಲಿನ ಹುಡುಗರಿಗೆ ಇಡಿ.

ಬಿಟ್ಟುಹೋಗುವುದು ಏನು ಎಂಬುದನ್ನು ನಮ್ಮ ಮಳೆಯೇ ಹೇಳುತ್ತದೆ. ಎರಡು ಜೊತೆ ಸಮವಸ್ತ್ರ ಇದ್ದರೂ ಜುಲೈನಲ್ಲಿ ಒಗೆದದ್ದು ಎರಡು ದಿನಕ್ಕೂ ಒಣಗುವುದಿಲ್ಲ. ಮೂರನೆಯ ಜೊತೆ ಬೇಕು. ಕಪ್ಪು ಶೂ ನೆನೆದರೆ ವಾರಗಟ್ಟಲೆ ಹಸಿ, ಬೆರಳ ಸಂದಿಯಲ್ಲಿ ಹುಣ್ಣು. ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿಯೇ ಸರಿ. ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ಕೆಸರಿನಲ್ಲಿ ಜಾರುತ್ತದೆ, ಹಳ್ಳ ದಾಟುವಾಗ ಕೊಚ್ಚಿಹೋಗುತ್ತದೆ. ಮೂರು ಮಡಿಕೆಯ ಕೊಡೆ ಕಡಲ ಗಾಳಿಗೆ ಮಗುಚಿ ಕಡ್ಡಿ ಮುರಿದುಕೊಳ್ಳುತ್ತದೆ. ಉದ್ದ ಹಿಡಿಯ ಒಂಟಿ ಕೊಡೆ ಕೊಳ್ಳಿ. ಕಾಡುದಾರಿಯಲ್ಲಿ ಬಹಳ ಹೊತ್ತು ನಡೆಯುವ ಮಕ್ಕಳಿರುವ ತರಗತಿಗೆ ಬೆನ್ನ ಮೇಲಿನ ಚೀಲವನ್ನೂ ಮುಚ್ಚುವ ರೇನ್‌ಕೋಟು ಮೇಲು, ಕೈ ಎರಡೂ ಖಾಲಿ ಇರುತ್ತವೆ.

ನೋಟ್‌ಬುಕ್ಕಿನ ಲೆಕ್ಕ ಹೀಗೆ. ಒಂದರಿಂದ ಏಳರವರೆಗಿನ, 60 ಮಕ್ಕಳ ಶಾಲೆ ಎಂದುಕೊಳ್ಳಿ. ನಲಿಕಲಿಯ, ಅಂದರೆ ಒಂದರಿಂದ ಮೂರನೆಯ ತರಗತಿಯ, 24 ಮಕ್ಕಳಿಗೆ ತಲಾ 4: ಕನ್ನಡಕ್ಕೆ ಎರಡು ಗೆರೆಯದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಗಣಿತಕ್ಕೆ ಚೌಕುಳಿಯದು, ಚಿತ್ರಕ್ಕೆ ಬಿಳಿ ಹಾಳೆಯದು, ಒಟ್ಟು 96. ನಾಲ್ಕು-ಐದನೆಯ ತರಗತಿಯ 16 ಮಕ್ಕಳಿಗೆ ನಾಲ್ಕು ವಿಷಯಕ್ಕೆ ಎರಡೆರಡು, ಕಚ್ಚಾ ಕೆಲಸಕ್ಕೆ ಒಂದು, ತಲಾ 9, ಒಟ್ಟು 144. ಆರು-ಏಳರ 20 ಮಕ್ಕಳಿಗೆ ಆರು ವಿಷಯ, ತಲಾ 13, ಒಟ್ಟು 260. ಕೂಡಿಸಿದರೆ 500. ವರ್ಷದ ನಡುವೆ ಸೇರುವ ವಲಸೆ ಮಕ್ಕಳಿಗೆ ಇನ್ನು 25 ಇಟ್ಟುಕೊಳ್ಳಿ. ದೊಡ್ಡ ತರಗತಿಯವರಿಗೆ ಎಲ್ಲವನ್ನೂ ಒಮ್ಮೆಗೇ ಕೊಡಬೇಡಿ. ಜೂನ್‌ನಲ್ಲಿ ಏಳು, ದಸರಾ ರಜೆ ಮುಗಿದ ಮೇಲೆ ಆರು. ಚೀಲ ಭಾರವಾಗುವುದಿಲ್ಲ, ಮಳೆಗೆ ನೆನೆದು ಹಾಳಾಗುವ ನಷ್ಟವೂ ಅರ್ಧವಾಗುತ್ತದೆ.

ರಕ್ಷಾಪುಟದ ಮೇಲೆ ದಾನಿಯ ಹೆಸರು, ಅಂಗಡಿಯ ಜಾಹೀರಾತು, ರಾಜಕಾರಣಿಯ ಫೋಟೊ ಇರಬಾರದು. ವರ್ಷವಿಡೀ ಮಗು ಅದನ್ನು ಎದೆಗವಚಿಕೊಂಡು ಓಡಾಡಬೇಕಲ್ಲ.

ತೆರೆದ ಕಪಾಟು ಮತ್ತು ಕೊಡೆಯ ಗೂಟ

ಎಲ್ಲ ಉಪಾಯಗಳಲ್ಲಿ ಕಡಿಮೆ ಖರ್ಚಿನದು, ಹೆಚ್ಚು ಫಲ ಕೊಡುವುದು ಇದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಜಗಲಿಯಲ್ಲಿ ಸಾಲಾಗಿ ಗೂಟ ಹೊಡೆದು ಕೊಡೆ ತೂಗುಹಾಕಿ. ನಾಲ್ಕು ಮಕ್ಕಳಿಗೊಂದರಂತೆ, 60 ಮಕ್ಕಳ ಶಾಲೆಗೆ 15. ಕೊಡೆ ಮರೆತವರು, ಮುರಿದುಕೊಂಡವರು, ಇಲ್ಲದವರು ಎಲ್ಲರೂ ಒಯ್ಯಬಹುದು, ನಾಳೆ ತರಬೇಕು. ಹೆಸರು ಬರೆಸಬಾರದು. ಮರೆತವನಿಗೂ ಇಲ್ಲದವನಿಗೂ ವ್ಯತ್ಯಾಸ ಕಾಣದಿರುವುದೇ ಇದರ ಗುಣ. ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕೈದು ಕೊಡೆ ವಾಪಸು ಬಂದಿರುವುದಿಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ, ವಿಚಾರಣೆ ಬೇಡ.

ತರಗತಿಯ ಒಳಗೂ ಹಾಗೆಯೇ: ಪೆನ್ಸಿಲ್, ರಬ್ಬರ್, ಅಳತೆಪಟ್ಟಿ, ಕಂಪಾಸು, ಬಣ್ಣ ಇರುವ, ಬೀಗವಿಲ್ಲದ ಕಪಾಟು. ಮೊದಲ ಎರಡು ವಾರ ಎಲ್ಲವೂ ಖಾಲಿಯಾಗುತ್ತದೆ. ಆಗ ಹೆದರಿ ಬೀಗ ಹಾಕಿದರೆ ಯೋಜನೆ ಅಲ್ಲಿಗೇ ಮುಗಿಯಿತು. ಮತ್ತೆ ತುಂಬಿ. ನಾಳೆಯೂ ಇರುತ್ತದೆ ಎಂದು ಮಕ್ಕಳಿಗೆ ನಂಬಿಕೆ ಬಂದ ಮೇಲೆ ಕೂಡಿಟ್ಟುಕೊಳ್ಳುವುದು ನಿಲ್ಲುತ್ತದೆ.

ಪ್ಯಾಡುಗಳು ಹುಡುಗಿಯರ ಶೌಚಾಲಯದಲ್ಲೇ, ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಇರಲಿ. ನಮ್ಮ ತೇವಕ್ಕೆ ತೆರೆದ ಪ್ಯಾಕೆಟ್ಟು ಹಾಳಾಗುತ್ತದೆ. ಪಕ್ಕದಲ್ಲಿ ಕಾಗದ ಮತ್ತು ಮುಚ್ಚಳದ ಬುಟ್ಟಿ. ವಾರಕ್ಕೊಮ್ಮೆ ಶಿಕ್ಷಕಿ ತುಂಬಿಸಲಿ, ಯಾರು ತೆಗೆದುಕೊಂಡರೆಂಬ ಲೆಕ್ಕ ಬೇಡ.

ಹಳೆ ಬಟ್ಟೆ

ಹಳೆ ಬಟ್ಟೆ ತನ್ನಿ ಎಂದು ಕರೆ ಕೊಟ್ಟರೆ ಮೂಟೆಗಟ್ಟಲೆ ಬರುತ್ತದೆ. ಅರ್ಧಕ್ಕರ್ಧ ಗುಂಡಿ ಕಿತ್ತದ್ದು, ಜಿಪ್ ಹೋದದ್ದು, ಮದುವೆಗೆ ಹಾಕುವ ಜರಿಯದ್ದು. ಅದನ್ನು ವಿಂಗಡಿಸಿ ವಿಲೇವಾರಿ ಮಾಡುವ ಹೊರೆ ಶಾಲೆಯ ಮೇಲೆ ಬೀಳುತ್ತದೆ. ಅದರ ಬದಲು ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನ, ಪಾಲಕರೆಲ್ಲ ಬಂದಿರುವಾಗ, ಸಮವಸ್ತ್ರ ಬದಲಿಸಿಕೊಳ್ಳುವ ಮೇಜು ಹಾಕಿ. ಚಿಕ್ಕದಾದದ್ದನ್ನು ಒಗೆದು ತಂದಿಡುವುದು, ಬೇಕಾದ ಅಳತೆಯದನ್ನು ಒಯ್ಯುವುದು. ತರದವರೂ ಒಯ್ಯಬಹುದು, ಯಾರೂ ನೋಡುತ್ತ ನಿಲ್ಲಬಾರದು. ಮಾಸ್ತರರು, ಅಕ್ಕೋರು ತಮ್ಮ ಮಕ್ಕಳಿಗೂ ಅದೇ ಮೇಜಿನಿಂದ ಒಂದು ಅಂಗಿ ಆರಿಸಿಕೊಂಡರೆ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಒಳ ಉಡುಪು ಮಾತ್ರ ಯಾವಾಗಲೂ ಹೊಸದೇ.

ಒಬ್ಬೊಬ್ಬರಿಗೆ ಕೊಡುವಾಗ

ಕನ್ನಡಕ, ಪಾಸು, ಪರೀಕ್ಷಾ ಶುಲ್ಕ, ಉಡುಪಿನ ಬಾಡಿಗೆ ಇಂಥವನ್ನು ಮಗುವಿನ ಕೈಗೆ ಕೊಡಬೇಡಿ, ಪಾಲಕರ ಜೊತೆ ಮಾತಾಡಿ. ಶಾಲೆ ಬಿಟ್ಟ ಮೇಲೆ ಅಥವಾ ಅವರು ಹೇಳಿದ ಹೊತ್ತಿಗೆ. ಮಾತು ಹೀಗಿರಲಿ: 'ಅಕ್ಕಾ, ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಆಯ್ತು. ನಿಮ್ಮ ಹುಡುಗಿಗೆ ಕನ್ನಡಕ ಬೇಕು ಅಂದಿದ್ದಾರೆ. ಶಾಲೆಯಲ್ಲಿ ಅದಕ್ಕೆ ಅಂತಲೇ ಹಣ ಇಟ್ಟಿದೆ. ನೀವು ಒಪ್ಪಿದ್ರೆ ಮಾಡಿಸುವಾ, ನೀವೇ ಮಾಡಿಸ್ತೀರಾದ್ರೂ ಸರಿ.' ಬೇಡ ಎನ್ನುವ ಹಕ್ಕು ಅವರಿಗಿದೆ. ಬೇಡ ಎಂದರೆ ಒತ್ತಾಯಿಸದೆ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಗ್ಯಾದರಿಂಗ್ ಉಡುಪಿಗಾದರೆ ಇನ್ನೂ ಸುಲಭದ ದಾರಿಯಿದೆ: ಬಾಡಿಗೆ ಬೇಕಾಗುವ ನೃತ್ಯವನ್ನೇ ಆರಿಸಬೇಡಿ, ಮನೆಯ ಪಂಚೆ, ಸೀರೆಯಲ್ಲಿ ಆಗುವ ಸುಗ್ಗಿ ಕುಣಿತ ನಮ್ಮಲ್ಲೇ ಇದೆ.

ಫೋಟೊ ಮತ್ತು ದಾನಿಗಳು

ಇಲ್ಲಿ ಸಡಿಲ ಬಿಡಬೇಡಿ. ಮಕ್ಕಳು ವಸ್ತು ತೆಗೆದುಕೊಳ್ಳುವ ಫೋಟೊ ಇಲ್ಲ, ಬ್ಯಾನರ್ ಇಲ್ಲ, ಸ್ಟೇಟಸ್ ಇಲ್ಲ, ಮಕ್ಕಳಿಂದ ಕೃತಜ್ಞತಾ ಪತ್ರ ಬರೆಸುವುದಿಲ್ಲ. ಮುಖ ಮಸುಕು ಮಾಡಿದರೆ ಸಾಕೆಂಬುದು ಸುಳ್ಳು. ಚಿಕ್ಕ ಊರಿನಲ್ಲಿ ಅಂಗಿ ನೋಡಿದರೇ ಯಾರ ಮಗುವೆಂದು ತಿಳಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಗುವಿಗೆ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಪಾಲನೆ-ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ತಡೆಯುತ್ತದೆ.

ಹಣ ಪಡೆಯುವ ಮೊದಲೇ ದಾನಿಗೆ ಹೇಳಿಬಿಡಿ, ಆಮೇಲೆ ಹೇಳಿದರೆ ಮನಸ್ತಾಪವಾಗುತ್ತದೆ: 'ಸರ್, ಏನು ಕೊಂಡೆವು, ಎಷ್ಟು ಮಕ್ಕಳಿಗೆ ತಲುಪಿತು, ಬಿಲ್ಲು, ಉಳಿದ ಹಣ, ಎಲ್ಲದರ ವರದಿ ಜುಲೈನಲ್ಲಿ ನಿಮ್ಮ ಕೈಗೆ ಬರುತ್ತದೆ. ನೋಟ್‌ಬುಕ್ ಕಟ್ಟಿನ ಫೋಟೊ ಕಳಿಸುತ್ತೇವೆ. ಮಕ್ಕಳ ಫೋಟೊ ಮಾತ್ರ ಯಾರಿಗೂ ಕೊಡುವುದಿಲ್ಲ.' ಕೆಲವರು ಹಿಂದೆ ಸರಿಯುತ್ತಾರೆ, ಸರಿಯಲಿ. ದಾನಿ ಶಾಲೆ ನೋಡಬೇಕೆಂದರೆ ಎಲ್ಲ ಮಕ್ಕಳಿಗೂ ತಮ್ಮ ಕೆಲಸದ ಬಗ್ಗೆ ಒಂದು ಗಂಟೆ ಮಾತಾಡಲು ಕರೆಯಿರಿ. ಯಾವ ಮಗುವನ್ನೂ ಒಂಟಿಯಾಗಿ ಭೇಟಿ ಮಾಡಿಸಬೇಡಿ, ಮನೆಯ ವಿಳಾಸ, ಫೋನ್ ನಂಬರ್ ಕೊಡಬೇಡಿ. ಮಗು ಹಿಂಸೆಯ ಸುಳಿವು ಕೊಟ್ಟರೆ ಅದು ಸಮಿತಿ ಕೂತು ಬಗೆಹರಿಸುವ ವಿಷಯವಲ್ಲ. ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹಣ ಎಸ್‌ಡಿಎಂಸಿ ಅಥವಾ ನೋಂದಾಯಿತ ಸಂಘದ ಜಂಟಿ ಖಾತೆಗೇ ಬರಲಿ, ಯಾರ ಸ್ವಂತ ಫೋನಿಗೂ ಬೇಡ. ಸಂಘಕ್ಕೆ 80ಜಿ ನೋಂದಣಿ ಇಲ್ಲದಿದ್ದರೆ ತೆರಿಗೆ ರಿಯಾಯಿತಿಯ ಮಾತು ಆಡಬೇಡಿ. ಭಟ್ಕಳ, ಹೊನ್ನಾವರದವರು ಕೊಲ್ಲಿ ದೇಶಗಳಿಂದ ಹಣ ಕಳಿಸುವುದುಂಟು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ವಿದೇಶದ ಪೌರತ್ವ ಪಡೆದವರ ಹಣವಾದರೆ, ಅವರು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹೊಂದಿದ್ದರೂ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಪಡೆಯುವಂತಿಲ್ಲ.

ಮಕ್ಕಳಿಂದ ಹಣ ಕೂಡಿಸುವುದಾದರೆ ಯಾವ ತರಗತಿ ಎಷ್ಟು ತಂದಿತೆಂದು ಫಲಕದಲ್ಲಿ ಬರೆಯಬೇಡಿ. ತರಲಾಗದ ಮಗುವಿಗೆ ಅದು ಇನ್ನೊಂದು ಶಿಕ್ಷೆ. ಕೈಕೆಲಸ ಕೊಡಿ. ನೋಟ್‌ಬುಕ್ಕಿಗೆ ರಟ್ಟು ಹಾಕುವುದು, ಲೇಬಲ್ ಅಂಟಿಸುವುದು, ಕಪಾಟು ಜೋಡಿಸುವುದು. ಅದರಲ್ಲಿ ಎಲ್ಲರೂ ಕೊಡುವವರೇ.

ಕಾಗದಪತ್ರದ ಶಿಬಿರ

ಖರ್ಚಿಲ್ಲದೆ ಹೆಚ್ಚು ಹಣ ಮನೆಗೆ ತಲುಪಿಸುವ ಕೆಲಸ ಇದು. ವಿದ್ಯಾರ್ಥಿವೇತನ ಬಾರದಿರಲು ಪದೇ ಪದೇ ಕಾಣುವ ಕಾರಣಗಳು ಮೂರು: ಆಧಾರಿನ ಹೆಸರಿಗೂ ಶಾಲಾ ದಾಖಲೆಯ ಹೆಸರಿಗೂ ಹೊಂದಾಣಿಕೆಯಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಜುಲೈನ ಒಂದು ಶನಿವಾರ ನಾಡಕಚೇರಿಯಲ್ಲಿ ಅರ್ಜಿ ಹಾಕಲು ಬಲ್ಲವರೊಬ್ಬರನ್ನು, ಬ್ಯಾಂಕಿನ ಸಿಬ್ಬಂದಿಯೊಬ್ಬರನ್ನು ಶಾಲೆಗೆ ಕರೆಸಿ, ಎಲ್ಲ ಪಾಲಕರಿಗೂ ಹೇಳಿ ಕಳಿಸಿ. ಬೋಟು ದಡದಲ್ಲಿರುವ ತಿಂಗಳಾದ್ದರಿಂದ ಅಪ್ಪಂದಿರೂ ಸಿಗುತ್ತಾರೆ. ತಂದೆಯಿಲ್ಲದ, ಕಡುಕಷ್ಟದ ಮನೆಗಳ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಯಾವ ಊರಿನ ದಾನಿಯೂ ಅಷ್ಟನ್ನು ತಿಂಗಳು ತಿಂಗಳು ಕೊಡಲಾರ.

ಅಕ್ಟೋಬರಿನ ಲೆಕ್ಕ

ದಸರಾ ರಜೆಗೆ ಮೊದಲು ಸಮಿತಿ ಒಮ್ಮೆ ಕೂರಬೇಕು. ಜೂನ್-ಜುಲೈ ಹಾಜರಿಯನ್ನು ಹಿಂದಿನ ವರ್ಷದ ಜೊತೆ ಇಟ್ಟು ನೋಡಿ. ಎಷ್ಟು ಕೊಡೆ ಉಳಿಯಿತು, ಚಪ್ಪಲಿಯ ಯಾವ ಅಳತೆ ಸಾಲಲಿಲ್ಲ, ಯಾವ ಕಂಪನಿಯ ನೋಟ್‌ಬುಕ್ಕಿನಲ್ಲಿ ಶಾಯಿ ಹರಡಿತು ಎಂದು ಬರೆದಿಡಿ. ಮುರಿದ ಕೊಡೆಗಳನ್ನು ಆಗಲೇ ರಿಪೇರಿಗೆ ಕೊಡಿ, ಮೇ ತಿಂಗಳಿಗೆ ಇಟ್ಟರೆ ಕಡ್ಡಿ ತುಕ್ಕು ಹಿಡಿದಿರುತ್ತದೆ.

ದಾಖಲೆ ಎರಡು ಪುಸ್ತಕದಲ್ಲಿರಲಿ. ಹಣ ಮತ್ತು ದಾಸ್ತಾನಿನ ಪುಸ್ತಕ ಯಾರು ಕೇಳಿದರೂ ತೋರಿಸುವಂಥದ್ದು, ಅದರಲ್ಲಿ ಮಕ್ಕಳ ಹೆಸರಿಲ್ಲ. ವೈಯಕ್ತಿಕ ನೆರವಿನ ಪುಸ್ತಕ ಮುಖ್ಯೋಪಾಧ್ಯಾಯರ ಬೀಗದ ಕಪಾಟಿನಲ್ಲಿ. ಮುಖ್ಯೋಪಾಧ್ಯಾಯರಿಗೆ ವರ್ಗವಾದರೆ ಮೊದಲನೆಯದನ್ನು ಸಮಿತಿಯ ಎದುರು, ಎರಡನೆಯದನ್ನು ಹೊಸಬರ ಕೈಗೆ ನೇರವಾಗಿ ಒಪ್ಪಿಸಬೇಕು. ಮಗು ಶಾಲೆ ಬಿಟ್ಟು ಹೋದ ವರ್ಷವೇ ಅದರ ಪುಟವನ್ನು ಹರಿದು ಸುಡಿ.